ಕಲಸುವ ತೊಟ್ಟಿಗೆ ಒಂದು ಚಿಟಿಕೆ

ಯಜಮಾನರು ನನ್ನನ್ನು ಬೈದದ್ದು ಸೋಮವಾರ. ಅಥವಾ ಸೋಮವಾರವೆಂದರೆ ಕಥೆಗೆ ಒಪ್ಪುತ್ತದೆಂದು ನಾನೇ ಇಟ್ಟುಕೊಂಡಿರಬಹುದು. ಬೈಗುಳ ಮಾತ್ರ ಅವರದೇ.

ರಾಯಚೂರಿನ ಆ ಚಿಕ್ಕ ಕಾರ್ಖಾನೆಯಲ್ಲಿ ನಾವು ಸೋಸುವ ಹಾಳೆ ಮಾಡುತ್ತಿದ್ದೆವು. ಮಾನ್ವಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ, ಹತ್ತಿಯ ಗಿಡ್ಡ ಎಳೆ, ಒಂದಿಷ್ಟು ಅಂಟು, ನೀರು. ತೊಟ್ಟಿಯಲ್ಲಿ ಕಲಸಿ, ಹಾಳೆಯಾಗಿ ಹಾಸಿ, ಬಿಸಿಗಾಳಿಯಲ್ಲಿ ಒಣಗಿಸಬೇಕು. ಔಷಧಿ ತಯಾರಿಸುವವರು ತಮ್ಮ ದ್ರಾವಣವನ್ನು ಅದರ ಮೂಲಕ ಹಾಯಿಸಿದರೆ ಸೂಕ್ಷ್ಮಾಣುಗಳು ಹಾಳೆಯಲ್ಲೇ ಸಿಕ್ಕಿಕೊಳ್ಳಬೇಕು. ಪರೀಕ್ಷೆ ನನ್ನ ಕೆಲಸ. ಆ ಸಲ ಒಂದು ಔಷಧಿ ಕಂಪನಿಯಿಂದ ಹಾಳೆಗಳು ವಾಪಸು ಬಂದವು: ಸೋಸಿದ ಮೇಲೆ ಸೂಕ್ಷ್ಮಾಣುಗಳು ಹೆಚ್ಚಾಗಿವೆಯಂತೆ.

“ದೇವದುರ್ಗದ ಕಡಿ ಕುರಿ ದೊಡ್ಡ್ಯಾಗ ಬೆಳದಾಕಿ,” ಎಂದರು ಯಜಮಾನರು, ಎಲ್ಲರೆದುರು. “ಮದ್ಲ ಕೈ ತೊಳ್ಕೊಂಬಾ. ಆಮ್ಯಾಲ ಹಾಳಿ ಮುಟ್ಟು.”

“ಸಾಬಾನ ತರ್ಲೇನಬೇ?” ಎಂದಳು ಹಾಳೆ ಕತ್ತರಿಸುವವಳು. ಎಲ್ಲರೂ ನಕ್ಕರು. ಒಬ್ಬಿಬ್ಬರು ನಗದೆ ಇದ್ದಿರಬಹುದು. ಅವರನ್ನೂ ನಕ್ಕವರ ಜೊತೆಗೇ ಸೇರಿಸಿದ್ದೇನೆ.

ದೇವದುರ್ಗದ ಹತ್ತಿರದ ನಮ್ಮೂರು ಮಸರಕಲ್‌ನಲ್ಲಿ ನಮ್ಮಪ್ಪನ ಕುರಿಗಳಿವೆ. ನನ್ನ ಕೈ ನನಗೆ ಗೊತ್ತು. ಆದರೂ ತೊಳೆದ ಅಂಗೈಯನ್ನು, ಸೂಕ್ಷ್ಮಾಣು ಬೆಳೆಸಿ ನೋಡಲು ಅಗರ್ ಹಾಕಿದ ಗಾಜಿನ ತಟ್ಟೆಗೆ ಒತ್ತಿದೆ. ಇನ್ನೊಂದು ತಟ್ಟೆಗೆ ವಿಭೂತಿ ಉದುರಿಸಿದೆ. ಪ್ರತಿ ಹೊಸ ತೊಟ್ಟಿಗೂ ಯಜಮಾನರು ಕಣ್ಣು ಮುಚ್ಚಿ ಒಂದು ಚಿಟಿಕೆ ವಿಭೂತಿ ಹಾಕುತ್ತಿದ್ದರು. ಅವರಪ್ಪ ಗಿರಣಿಯಲ್ಲಿ ಮೊದಲ ಭತ್ತಕ್ಕೆ ಹಾಕುತ್ತಿದ್ದರಂತೆ. ಎಷ್ಟೋ ಕಾಲದಿಂದ ತೆರೆದ ಬಟ್ಟಲಲ್ಲಿ ಕೂತ ಸಗಣಿ ಬೂದಿ. ಅದರೊಳಗೆ ಸೇರಿಕೊಂಡ ಬೀಜಾಣು ನಮ್ಮ ಬಿಸಿಗಾಳಿಗೆ ಸಾಯುವಂಥದ್ದಲ್ಲ.

ನನ್ನ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಬೆಳೆಯಿತು. ವಿಭೂತಿಯ ತಟ್ಟೆ ಪೂರ್ತಿ ಮುಚ್ಚಿಹೋಯಿತು. ವಾಪಸು ಬಂದ ಹಾಳೆಗಳಲ್ಲಿ ಇದ್ದದ್ದೂ ಅದೇ ಬಗೆ.

ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ತಟ್ಟೆಗಳನ್ನು ಫ್ರಿಜ್ಜಿನಲ್ಲಿಟ್ಟು ಕಾದೆ.

ಹಾಳೆ ವಾಪಸು ಕಳಿಸಿದ ಕಂಪನಿಯಿಂದ ತಪಾಸಣೆಗೆ ಒಬ್ಬ ಹೆಂಗಸು ಬಂದರು. ತೊಟ್ಟಿ ತಿರುಗತೊಡಗಿತು. ಹೊರಗಿನವರೆದುರು ಮುಜುಗರವೋ ಏನೋ, ಯಜಮಾನರು ವಿಭೂತಿಯ ಬಟ್ಟಲಿಗೆ ಕೈ ಹಾಕದೆ ನಿಂತಿದ್ದರು.

“ಯಜಮಾನ್ರ, ವಿಭೂತಿ ಮರ್ತ್ರಲ್ರೀ,” ಎಂದೆ, ಆದಷ್ಟು ಮೆತ್ತಗೆ.

ಅವರ ಮುಖ ಅರಳಿತು. “ನೋಡ್ರಿ ಮೇಡಂ, ನಮ್ಮ ಹುಡುಗಿ ಎಷ್ಟ ನೆಪ್ಪಿಟ್ಟಾಳ!” ಚಿಟಿಕೆ ಹಾಕಿ ಕೈಮುಗಿದರು.

“ಇದನ್ನ ಪ್ರತಿ ಸಲ ಹಾಕ್ತೀರಾ?” ಆಕೆ ಕೇಳಿದರು.

“ಒಮ್ಮಿನೂ ತಪ್ಪಿಸಿಲ್ರೀ.”

ನಾನು ಫ್ರಿಜ್ಜಿನಿಂದ ತಟ್ಟೆಗಳನ್ನು ತಂದು ಆಕೆಯ ಮುಂದಿಟ್ಟೆ. ಇದು ನನ್ನ ಕೈ, ಇದು ಅವರ ವಿಭೂತಿ. ಆ ಕಂಪನಿ ನಮ್ಮ ಹಾಳೆ ಕೊಳ್ಳುವುದು ಅಲ್ಲಿಗೇ ನಿಂತಿತು.

“ಮದ್ಲ ಹೇಳಬಾರದಿತ್ತೇನವಾ?” ಯಜಮಾನರ ದನಿ ಕುಸಿದಿತ್ತು.

“ಕುರಿ ದೊಡ್ಡ್ಯಾಗಿನಾಕಿ ಮಾತು ಯಾರು ಕೇಳ್ತಾರ್ರೀ? ಕೈ ತೊಳ್ಕೊಂಬರ್ರಿ.”

ಹಾಗೆ ಹೇಳಿದೆನೋ, ಊರಿನ ಬಸ್ಸಿನಲ್ಲಿ ಕೂತು ಆಮೇಲೆ ಜೋಡಿಸಿಕೊಂಡೆನೋ, ಆಣೆ ಮಾಡಲಾರೆ. ಅವರು ಎಲ್ಲರೆದುರು ನಲ್ಲಿಯವರೆಗೆ ನಡೆದುಹೋದರು. ಹಾಳೆ ಕತ್ತರಿಸುವವಳು ಓಡಿಹೋಗಿ ಸಾಬೂನು ತಂದುಕೊಟ್ಟಳು. ಅದು ಮಾತ್ರ ನಾನು ಕಟ್ಟಿಕೊಂಡದ್ದಲ್ಲ.