ಸೆಫೀನಾಳ ಪುಲಾಕಾ ಗುಂಡಿ

ಫಕಾವೊಫೊ ದ್ವೀಪದಲ್ಲಿ ಸೆಫೀನಾಳ ಬಾಯಿಗೆ ಹೆದರದವರಿಲ್ಲ. ಅವಳು ಎದುರು ಬಂದರೆ ಪಾದ್ರಿಯ ಹೆಂಡತಿಯೂ ದಾರಿ ಬಿಡುತ್ತಿದ್ದಳು. ಪುಲಾಕಾ ಗುಂಡಿಗೆ ಇಳಿದಾಗ ಮಾತ್ರ ಆ ದನಿ ತಗ್ಗುತ್ತಿತ್ತು.

ಗುಂಡಿ ಮುತ್ತಜ್ಜಿಯ ಕಾಲದ್ದು. ಹವಳದ ನೆಲವನ್ನು ಸಿಹಿನೀರು ಜಿನುಗುವವರೆಗೆ ಆಳಕ್ಕೆ ತೋಡಿ, ಕೊಳೆತ ಎಲೆ ತುಂಬಿ, ಕೆಸುವಿನಂಥ ಪುಲಾಕಾ ಗಡ್ಡೆ ಬೆಳೆಸಿದ್ದರು. ಪೆರುವಿನ ಹಡಗು ಬಂದು ಊರಿನ ಗಂಡಸರನ್ನು ಗುಲಾಮಗಿರಿಗೆ ತುಂಬಿಕೊಂಡು ಹೋದ ದಿನ, ಮುತ್ತಜ್ಜಿ ಹಸುಗೂಸನ್ನು ಅವಚಿಕೊಂಡು ಅದೇ ಎಲೆಗಳಡಿ ಕೆಸರಲ್ಲಿ ಮಲಗಿ ಉಳಿದುಕೊಂಡಳು. ಆ ಕೂಸೇ ಸೆಫೀನಾಳ ಅಜ್ಜಿ. ಗಡ್ಡೆ ಕಿತ್ತ ಮೇಲೆ ಅದರ ತಲೆಯನ್ನು, ಅಂದರೆ ಚಿಗುರೊಡೆಯುವ ಮೇಲ್ತುದಿಯನ್ನು, ಮತ್ತೆ ಅಲ್ಲೇ ನೆಡುವುದು ರೂಢಿ. ಹಾಗಾಗಿ ಅಂದು ತಾಯಿಯನ್ನೂ ಮಗುವನ್ನೂ ಮುಚ್ಚಿಟ್ಟ ಗಿಡಗಳ ಕುಡಿಯೇ ಇಂದಿಗೂ ಅಲ್ಲಿತ್ತು.

ಆ ವರ್ಷ ಮಳೆ ಕೈಕೊಟ್ಟಿತು. ಎಲೆಗಳ ಅಂಚು ಹಳದಿಯಾಯಿತು. ಅಂಥ ಹೊತ್ತಿನಲ್ಲಿ ತಳವನ್ನು ಇನ್ನಷ್ಟು ತೋಡಿದರೆ ನೀರು ಸಿಗುತ್ತದೆ. ಅಮ್ಮ, ಅಜ್ಜಿ ಎಲ್ಲರೂ ಅದನ್ನೇ ಮಾಡಿದ್ದರು. ಸೆಫೀನಾ ಹಾರೆ ಹಿಡಿದು ಇಳಿದಳು.

"ಬೇಡಕ್ಕ," ಎಂದಳು ಮೇಲೆ ನಿಂತಿದ್ದ ತಂಗಿ ಲೂಪೆ. "ಹೋದ ಹುಣ್ಣಿಮೆಗೆ ಚರ್ಚಿನ ಹಿಂದೆ ನೆಲದಿಂದ್ಲೇ ನೀರು ಉಕ್ಕಿತ್ತಲ್ಲ, ನೋಡಿಲ್ವಾ? ಅಲೆ ಇಲ್ಲ, ಗಾಳಿ ಇಲ್ಲ, ಸುಮ್ನೆ ಬಂತು. ನಂಗ್ಯಾಕೋ ಭಯ ಆಗತ್ತೆ."

"ನೀನು ಹುಟ್ಟಿದಾಗ್ಲಿಂದ ಹೆದರ್ತಾನೇ ಇದೀಯ. ಏಡಿ ಕಂಡ್ರೂ ಓಡ್ತೀಯ. ಬುಟ್ಟಿ ಇಳಿಸು."

"ಮಳೆ ಬರೋವರ್ಗೂ ತಡ್ಕೊಳ್ಳೋಕಾಗಲ್ವಾ?"

"ಅಷ್ಟೊತ್ತಿಗೆ ಇವು ಸತ್ತಿರ್ತಾವೆ. ಆಮೇಲೆ ಅಜ್ಜಿ ಗೋರಿ ಮುಂದೆ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಲಿ?"

ಲೂಪೆ ಬುಟ್ಟಿ ಇಳಿಸಿದಳು. ಬಿಸಿಲೇರುವ ಹೊತ್ತಿಗೆ ಗುಂಡಿಯ ಏಡಿಗಳು ಒಂದೊಂದಾಗಿ ಗೋಡೆ ಹತ್ತಿ ಹೊರಬರತೊಡಗಿದವು. ಈ ಸಲ ಅವಳು ಓಡಲಿಲ್ಲ. ಆದರೆ ಮತ್ತೆ ಬೈಸಿಕೊಳ್ಳುವುದು ಬೇಡವೆಂದು ಬಾಯಿ ಮುಚ್ಚಿಕೊಂಡಿದ್ದಳು. ಕೆಳಗೆ ನೀರು ಏರುತ್ತಿರುವ ಆ ಸುಳಿವನ್ನು ಅಕ್ಕನಿಗೆ ಹೇಳದೆ ಅಲ್ಲೇ ತಪ್ಪಿದಳು.

ತಳದ ಗಟ್ಟಿ ಪದರ ಹಾರೆಗೆ ಒಡೆಯಿತು. ನೀರು ಎಂದಿನಂತೆ ಜಿನುಗಲಿಲ್ಲ. ತಣ್ಣಗೆ, ತಿಳಿಯಾಗಿ, ಸದ್ದಿಲ್ಲದೆ ಸೆಫೀನಾಳ ಮೊಣಕಾಲಿನವರೆಗೆ ಏರಿತು.

"ನೋಡು, ನಾನು ಹೇಳ್ಲಿಲ್ವಾ?" ಎನ್ನುತ್ತ ಅವಳು ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡಳು. ನಗು ಅಲ್ಲೇ ನಿಂತಿತು.

"ಏನಾಯ್ತಕ್ಕ?"

"ಉಪ್ಪು," ಎಂದಳು ಸೆಫೀನಾ. "ಕಡಲಿಗೆ ನಾನೇ ಬಾಗ್ಲು ತೆಗ್ದುಬಿಟ್ಟೆ ಕಣೇ."

ಲೂಪೆ ಕಡಲಿನತ್ತ ತಿರುಗಿದಳು. ಹಡಗು ಬಂದಿದ್ದು ಅಲ್ಲಿಂದ, ಬಿರುಗಾಳಿ ಬರುವುದೂ ಅಲ್ಲಿಂದಲೇ. ಊರಿನವರು ತಲೆತಲಾಂತರದಿಂದ ಕಣ್ಣಿಟ್ಟು ಕಾಯ್ದದ್ದೂ ಅದನ್ನೇ. ಈಗ ಅದು ಏನೂ ಅರಿಯದಂತೆ ಅಲುಗದೆ ಮಲಗಿತ್ತು.

ಉಪ್ಪು ಬೇರಿಗೆ ಹತ್ತುವ ಮೊದಲೇ ಅಕ್ಕತಂಗಿಯರು ಗಿಡಗಳನ್ನೆಲ್ಲ ಕಿತ್ತು, ತಲೆಗಳನ್ನು ಕೊಯ್ದು ಒದ್ದೆ ಚಾಪೆಯಲ್ಲಿ ಸುತ್ತಿದರು.

"ಎಲ್ಲಿ ನೆಡೋಣ ಅಕ್ಕ?" ಎಂದು ಲೂಪೆ ಕೇಳಿದಳು.

ಊರೇ ಹೆದರುತ್ತಿದ್ದ ಸೆಫೀನಾ, ಗುಂಡಿಯಲ್ಲಿ ಇನ್ನೂ ಏರುತ್ತಿದ್ದ ಉಪ್ಪುನೀರನ್ನು ನೋಡುತ್ತ, ಚಾಪೆಯ ಸುರುಳಿಯನ್ನು ಹಸುಗೂಸಿನಂತೆ ಎದೆಗೆ ಅವಚಿಕೊಂಡಳು.