ಆರು ತಿಂಗಳ ಯೋಗ, ಒಂದು ಕೊಡ ನೀರು

ಗೆಳೆಯರೇ, ಬೀದರಿನ ನಮ್ಮ ಓಣಿಗೆ ಇವತ್ತು ಮುಂಜಾನೆ ನಾಲ್ಕು ದಿನಗಳ ಮೇಲೆ ನೀರಿನ ಟ್ಯಾಂಕರ್ ಬಂತು. ಆರು ತಿಂಗಳಿಂದ ತಪ್ಪದೆ ಯೋಗ ಮಾಡಿ ನನ್ನ ತೋಳು ಗಟ್ಟಿಯಾಗಿದೆ ಎಂದು ನಂಬಿದ್ದೆ. ನಮ್ಮ ಮಾಳಿಗೆಯ ಮೇಲಿನ ಖೋಲಿಯಲ್ಲಿರುವ ಕಾಶೀಬಾಯಿ ಎರಡು ಕೊಡ ಎತ್ತಿಕೊಂಡು ಹೊರಟಿದ್ದರು. ಮಳೆ ಕೈಕೊಟ್ಟ ಮೇಲೆ ಔರಾದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ವಯಸ್ಸು ಅರವತ್ತರ ಹತ್ತಿರ.

"ಕೊಡ್ರಿ ಮೌಶಿ, ಒಂದು ನಾ ಒಯ್ತೇನಿ" ಎಂದು ಹೆಗಲಿಗೇರಿಸಿಕೊಂಡೆ.

ಮೆಟ್ಟಿಲು ಹತ್ತಿ ನಮ್ಮ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಕಾಲು ನಡುಗಿ, ಕೊಡ ವಾಲಿ, ಅರ್ಧ ನೀರು ಮೆಟ್ಟಿಲ ಪಾಲಾಯಿತು. ಕೆಳಗೆ ಟ್ಯಾಂಕರ್ ಆಗಲೇ ಹೊರಟುಹೋಗಿತ್ತು.

ಕಾಶೀಬಾಯಿ ಬೈಯಲಿಲ್ಲ. "ಸರ, ದಿನಾ ಮಾಳಿಗಿ ಮ್ಯಾಲ ಕೈಕಾಲು ಎತ್ತಿ ಏನು ಮಾಡ್ತೀರಿ?" ಎಂದರು.

"ಯೋಗ ರಿ. ಮೈಯಾಗ ತಾಕತ್ತು ಬರ್ಲಿ ಅಂತ."

"ಹೌದೇನ್ರಿ? ನಿಮಗ ಸೊಂಟ ಹಿಡದದ, ಡಾಕ್ಟರ್ ಹಂಗ ಮಾಡ್ರಿ ಅಂತ ಹೇಳ್ಯಾರ ಅಂದ್ಕೊಂಡಿದ್ದೆ."

ನಾಚಿಕೆಯಾಗಿ, ನಮ್ಮ ಮನೆಯ ತುಂಬಿದ ಕೊಡವನ್ನೇ ಕೊಡೋಣವೆಂದು ಒಳಗೆ ಹೋಗಿ ಬಾಗಿದೆ. ಅವರು ಹಿಂದೆಯೇ ಓಡಿಬಂದು ಕೈ ಹಿಡಿದರು.

"ನೀವು ಮುಟ್ಟಬ್ಯಾಡ್ರಿ ಸರ, ಈ ನೀರಾದ್ರೂ ಉಳೀಲಿ!"

ನಾಳೆಯಿಂದ ನನ್ನ ಅಭ್ಯಾಸ ಮೆಟ್ಟಿಲ ಮೇಲೆ. ಸದ್ಯಕ್ಕೆ ಖಾಲಿ ಕೊಡದೊಂದಿಗೆ.