ಸುಕನ್ಯಕ್ಕ ಒತ್ತಿದ No

"ಟಿಂಗ್!" ಆ ಸದ್ದು ಈಗಲೂ ಕಿವಿಯಲ್ಲಿದೆ. ಹೊರಗಿನಿಂದ ಏನಾದರೂ ಕಂಪ್ಯೂಟರಿನೊಳಗೆ ಬರಲು ನೋಡಿದರೆ ಫೈರ್‌ವಾಲ್ ಎಂಬ ಕಾವಲು ಪ್ರೋಗ್ರಾಮು ಹಾಗೆ ಸದ್ದು ಮಾಡಿ, ಬಿಡಲೇ ಬೇಡವೇ ಎಂದು ಕೇಳುತ್ತಿತ್ತು. ೨೦೦೦ನೇ ಇಸವಿ. ನಾನು ಕ್ಯಾಂಪ್‌ಬೆಲ್‌ನ ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ಹೋಮ್ ಸರ್ವಿಸ್ ಟೆಕ್ನಿಷಿಯನ್.

ಹತ್ತಿರದ ಕ್ಯುಪರ್ಟಿನೋದಲ್ಲಿ ಇಂಜಿನಿಯರ್ ಮಗನ ಮನೆಯಲ್ಲಿದ್ದ ಮಂಗಳೂರಿನ ಸುಕನ್ಯಕ್ಕನಿಗೂ ಊರಿನಲ್ಲಿದ್ದ ತಂಗಿ ವಾರಿಜಾಗೂ ಮಾತು ನಿಂತಿತ್ತು. ತಾಯಿಯ ಬಳೆ ಯಾರಿಗೆ ಎಂಬ ಜಗಳ. ಜಗಳವಾದರೆ ಚಿಕ್ಕವರೇ ಮೊದಲು ಮಾತಾಡಬೇಕು, ಅದು ಆ ಮನೆಯ ಪದ್ಧತಿ. ವಾರಿಜಾ ಸೋತು, ವಾರವಾರ ಸೈಬರ್ ಕೆಫೆಗೆ ಹೋಗಿ, ಇಂಟರ್ನೆಟ್ಟಿನಲ್ಲಿ ಮಾತಾಡುವ ವಾಯ್ಸ್ ಪ್ರೋಗ್ರಾಮಿನಲ್ಲಿ ಅಕ್ಕನನ್ನು ಕರೆದಿದ್ದಳಂತೆ. ಅಕ್ಕ ಎತ್ತಲಿಲ್ಲ. ವಾರಿಜಾಳ ಮಗಳು ಖಾರವಾಗಿ ಇಮೇಲ್ ಬರೆದ ಮೇಲೆಯೇ ಇಲ್ಲಿ ಗೊತ್ತಾದದ್ದು. ಮಗ ನನ್ನನ್ನು ಕರೆಸಿದ.

ಫೈರ್‌ವಾಲನ್ನು ಒಂದು ಗಳಿಗೆ ನಿಲ್ಲಿಸಿ ಅಂಗಡಿಯಿಂದ ಟೆಸ್ಟ್ ಕಾಲ್ ಮಾಡಿಸಿದೆ. ರಿಂಗಾಯಿತು. ಫೈರ್‌ವಾಲನ್ನು ಮತ್ತೆ ಆನ್ ಮಾಡಿದೆ, ರಿಂಗೇ ಇಲ್ಲ. ಸೆಟಿಂಗ್ಸ್ ತೆರೆದರೆ ವಾಯ್ಸ್ ಪ್ರೋಗ್ರಾಮಿನ ಮುಂದೆ ತಡೆಯ ಕೆಂಪು ಗುರುತು.

"ಯಾರು No ಒತ್ತಿದ್ದು?"

"ನಾನೇ ಮಾರಾಯ್ತಿ. ಟಿಂಗ್ ಅಂತ ಎಂತ ಕೇಳಿದ್ರೂ No ಒತ್ತಮ್ಮ ಅಂತ ಇವನೇ ಹೇಳಿದ್ದು."

ಮಗ ತಲೆ ಚಚ್ಚಿಕೊಂಡ. "ಅಮ್ಮಾ, ಅದು strangersಗೆ!"

"ಅದು ಹೆಸರು ಹೇಳಿ ಕೇಳ್ತದಾ?"

'ಇದೇ ಉತ್ತರ ನೆನಪಿಡು' ಎಂಬ ಚೌಕಕ್ಕೂ ಟಿಕ್ ಬಿದ್ದಿತ್ತು. ಅಂದಿನಿಂದ ಯಂತ್ರ ಕೇಳದೆಯೇ ತಡೆಯುತ್ತಿತ್ತು. ನಾನು ನಿಯಮ ಬದಲಿಸಿದೆ, ಗುರುತು ಹಸಿರಾಯಿತು.

"ನಾನು No ಒತ್ತಿದ್ದು ಅವಳಿಗೆ ಕಾಣ್ತದಾ?" ಎಂದರು ಸುಕನ್ಯಕ್ಕ.

"ಇಲ್ಲ ಅಕ್ಕ. ನೀವು ಎತ್ತಲಿಲ್ಲ ಅಂತಷ್ಟೇ ಕಾಣೋದು. ಈಗ ನೀವೇ ಕರೀರಿ, please."

ಅವರ ಕೈ ಮೌಸಿನವರೆಗೆ ಹೋಗಿ ಮಡಿಲಿಗೆ ಮರಳಿತು. "ದೊಡ್ಡವಳು ನಾನು. ಅಷ್ಟು ಸಲ ಕರೆದವಳು ಇನ್ನೊಂದು ಸಲ ಕರೆಯುವುದಿಲ್ಲವಾ?"

ಮಗ ಎಲ್ಲವನ್ನೂ ಬಿಡಿಸಿ ವಾರಿಜಾಳ ಮಗಳಿಗೆ ಇಮೇಲ್ ಮಾಡಿದ. ಉತ್ತರ ಒಂದೇ ಸಾಲು: "ಇಂಜಿನಿಯರ್ ಮನೆಯಲ್ಲಿ ಕಂಪ್ಯೂಟರ್ ಹಾಳಂತೆ!" ನಂಬಲಿಲ್ಲ. ಯಾಕೆ ನಂಬಬೇಕು, ಹೇಳಿ?

ಆಮೇಲೆ ಯಾವ ಮನೆಯಲ್ಲೂ "ಎಲ್ಲಕ್ಕೂ No ಒತ್ತಿ" ಎಂದು ನಾನು ಹೇಳಿಕೊಡಲಿಲ್ಲ, ಬೇರೆಯವರಿಗೂ ಹೇಳಿಕೊಡಲು ಬಿಡಲಿಲ್ಲ. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಂದದ್ದು ಯಾವ ಪ್ರೋಗ್ರಾಮು ಎಂದು ಓದಿಸಿಯೇ ಏಳುತ್ತಿದ್ದೆ. ತಡೆಯನ್ನು ತೆಗೆಯುವುದಷ್ಟೇ ನಮ್ಮ ಕೈಲಿರುವುದು. ಆ ತಡೆ ಇದ್ದಷ್ಟು ದಿನ ಆಚೆಯವರು ಏನು ಅಂದುಕೊಂಡರೋ, ಅದನ್ನು ರಿಪೇರಿ ಮಾಡುವ tool ಯಾವ ಅಂಗಡಿಯಲ್ಲೂ ಇಲ್ಲ.

ಮರುವರ್ಷ ನಮ್ಮ ಅಂಗಡಿ ಮುಚ್ಚಿತು. ಅದಕ್ಕೆ ಮೊದಲು ಪ್ರಿಂಟರ್ ಸರಿಮಾಡಲು ಅದೇ ಮನೆಗೆ ಹೋಗಿದ್ದೆ. ಸುಕನ್ಯಕ್ಕ ಹೆಡ್‌ಫೋನು ಕುತ್ತಿಗೆಯಲ್ಲಿ ಹಾಕಿಕೊಂಡೇ ಬೀನ್ಸ್ ನಾರು ತೆಗೆಯುತ್ತಿದ್ದರು.

"ಸ್ವಲ್ಪ ನೋಡು ಮಾರಾಯ್ತಿ, ಅದು ತೆರೆದೇ ಉಂಟಲ್ಲ? ವಾರಿಜಾ ಇನ್ನೂ ಕರೆಯಲಿಲ್ಲ."

ನೋಡಿದೆ. ಹಸಿರು.

"ತೆರೆದಿದೆ ಅಕ್ಕ."

ಅವರು ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು. ಅವರನ್ನು ನಾನು ಕೊನೆಯ ಸಲ ಕಂಡದ್ದು ಹಾಗೆ.